ಹಳತಾಗುವುದು, ಹಳತಾಗಿಸುವುದು
(ವ್ಯಾನ್ಸ್ ಪ್ಯಾಕರ್ಡರ ‘ದಿ ವೇಸ್ಟ್ ಮೇಕರ್ಸ್’ ಗ್ರಂಥವನ್ನು ಸ್ಮಾರ್ಟ್‌ಫೋನಿನ ಕಾಲದಲ್ಲಿ ಓದಿದಾಗ)

ವಸ್ತುಗಳ ಆಯುಷ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಅಮೆರಿಕದ ಲೇಖಕ ವ್ಯಾನ್ಸ್ ಪ್ಯಾಕರ್ಡರ ‘ದಿ ವೇಸ್ಟ್ ಮೇಕರ್ಸ್’ ಪ್ರಸಿದ್ಧವಾದುದು. ೧೯೬೦ರಲ್ಲಿ ಪ್ರಕಟವಾದ ಈ ಗ್ರಂಥದ ಹೆಸರನ್ನು ‘ಪೋಲುಗಾರರು’ ಎಂದು ಕನ್ನಡಿಸಿದರೆ ತಪ್ಪಾಗಲಾರದು. ಜಾಹೀರಾತುದಾರರು ಜನಮನವನ್ನು ಒಳಗಿನಿಂದ ಒಲಿಸಿಕೊಳ್ಳುವ ಬಗೆಯನ್ನು ೧೯೫೭ರಲ್ಲಿಯೂ, ಅಂತಸ್ತಿನ ಹಂಬಲವನ್ನು ೧೯೫೯ರಲ್ಲಿಯೂ ಬೇರೆ ಬೇರೆ ಗ್ರಂಥಗಳಲ್ಲಿ ವಿವೇಚಿಸಿದ ಪ್ಯಾಕರ್ಡರು, ಇಲ್ಲಿ ಕೈಗೆತ್ತಿಕೊಂಡ ಪ್ರಶ್ನೆ ಇದು: ಇನ್ನೂ ಚೆನ್ನಾಗಿರುವ ವಸ್ತುವನ್ನು ಮನುಷ್ಯನು ಏಕೆ ಎಸೆಯುತ್ತಾನೆ? ಗ್ರಂಥವು ಹೊರಬಂದು ಆರು ದಶಕಗಳು ಮೀರಿವೆ. ಅದರಲ್ಲಿ ಬರುವ ಮೋಟಾರು ಗಾಡಿಗಳೂ ಶೀತಕ ಪೆಟ್ಟಿಗೆಗಳೂ ಎಂದೋ ಗುಜರಿಯ ಪಾಲಾಗಿವೆ. ಆದರೂ ಈಚೆಗೆ ಅದನ್ನು ಮತ್ತೊಮ್ಮೆ ಓದುವ ಪ್ರಸಂಗವು ನಮಗೆ ಒದಗಿತು.

ಪ್ರಸಂಗವೆಂದರೆ ಫೋನು. “ಈಗಿನ ಹುಡುಗರು ವರ್ಷಕ್ಕೊಂದು ಮೊಬೈಲನ್ನು ಬದಲಿಸುತ್ತಿದ್ದಾರೆ, ಈ ವ್ಯಾಮೋಹವನ್ನು ಕುರಿತು ಬುದ್ಧಿಯವರು ಒಂದು ಮಾತು ಅಪ್ಪಣೆ ಕೊಡಿಸಬೇಕು” ಎಂದು ಭಕ್ತರು ಆಗಾಗ ಬಿನ್ನವಿಸುತ್ತಾರೆ. ಅಂತಹ ಉಪದೇಶಕ್ಕೆ ಬೇಕಾದ ಮಾತುಗಳಿಗೇನೂ ಬರವಿಲ್ಲ. ಆಸೆಯನ್ನು ಹಳಿಯುವ ನುಡಿಗಳು ಎಲ್ಲ ಮತಗಳ ಭಂಡಾರಗಳಲ್ಲಿಯೂ ಹೇರಳವಾಗಿವೆ. ಆದರೆ ಫೋನನ್ನು ಬದಲಿಸುವವರೆಲ್ಲರೂ ಆಸೆಯಿಂದಲೇ ಬದಲಿಸುತ್ತಾರೆಯೆ? ಕನ್ನಡಿ ಬಿರಿದ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬರುವ ರೈತನು, “ಬ್ಯಾಂಕಿನದು ಇದರಲ್ಲಿ ನಡೆಯುವುದಿಲ್ಲವಂತೆ, ಹೊಸದು ತೆಗೆದುಕೊಳ್ಳಬೇಕಂತೆ” ಎಂದು ಹೇಳುವಾಗ ಅವನ ಮುಖದಲ್ಲಿ ವ್ಯಾಮೋಹದ ಗುರುತು ಕಾಣುವುದಿಲ್ಲ. ಅವನಿಗೆ ಆಸೆಯನ್ನು ಬಿಡೆಂದು ಬೋಧಿಸುವುದು, ಹಸಿದವನಿಗೆ ಉಪವಾಸದ ಮಹಿಮೆಯನ್ನು ವರ್ಣಿಸಿದಂತೆ. ಈ ಎರಡು ಬಗೆಯ ಬದಲಾವಣೆಗಳನ್ನು ಬೇರ್ಪಡಿಸಿ ನೋಡಲು ಪ್ಯಾಕರ್ಡರ ಗ್ರಂಥವು ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಗ್ರಂಥದ ಆರಂಭವು ರಂಜಕವಾಗಿದೆ. ಪ್ಯಾಕರ್ಡರು ಭವಿಷ್ಯದ ಒಂದು ಸಮೃದ್ಧ ನಗರವನ್ನು ಕಲ್ಪಿಸುತ್ತಾರೆ. ಅಲ್ಲಿಯ ಮನೆಗಳು ಕಾಗದದ ಮುದ್ದೆಯಿಂದ ಮಾಡಿದವು. ವರ್ಷಕ್ಕೆರಡು ಸಲ ಕೆಡವಿ ಮತ್ತೆ ಕಟ್ಟಬಹುದು. ಮೋಟಾರು ಗಾಡಿಗಳು ಕೆಲವು ಸಾವಿರ ಮೈಲಿ ಓಡಿದೊಡನೆ ಕರಗತೊಡಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಊರಿನ ಕಾರ್ಖಾನೆಗಳಲ್ಲಿ ಕಾಲು ಭಾಗವು ಒಂದು ಕಡಿದಾದ ಬಂಡೆಯ ಅಂಚಿನಲ್ಲಿ ನಿಂತಿವೆ. ಗಿರಾಕಿಗಳಿದ್ದರೆ ಸರಕು ಮುಂಬಾಗಿಲಿನಿಂದ ಪೇಟೆಗೆ ಹೋಗುತ್ತದೆ. ಇಲ್ಲವಾದರೆ ಹಿಂಬಾಗಿಲಿನಿಂದ ನೇರವಾಗಿ ಪ್ರಪಾತಕ್ಕೆ ಬೀಳುತ್ತದೆ. ಯಂತ್ರ ಮಾತ್ರ ನಿಲ್ಲಕೂಡದು. ಉತ್ಪಾದನೆಯ ವೇಗಕ್ಕೆ ಮನುಷ್ಯನ ಅಗತ್ಯವು ಸಾಲದೆ ಹೋದಾಗ, ಅಗತ್ಯವನ್ನೇ ಉತ್ಪಾದಿಸಬೇಕಾಗುತ್ತದೆ ಎಂಬುದು ಈ ಚಿತ್ರದ ತಾತ್ಪರ್ಯ.

ಇದು ಬರಿಯ ಕಲ್ಪನೆಯಾಗಿರಲಿಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯವರು ೧೯೨೦ರ ದಶಕದಲ್ಲಿಯೇ ವರ್ಷಕ್ಕೊಂದು ಹೊಸ ಮಾದರಿಯನ್ನು ಹೊರತರುವ ಪದ್ಧತಿಯನ್ನು ರೂಢಿಗೆ ತಂದಿದ್ದರು. ೧೯೫೪ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರರು, ಕೊಳ್ಳುವವನಿಗೆ ಅಗತ್ಯಕ್ಕಿಂತ ತುಸು ಮೊದಲೇ, ತುಸು ಹೊಸದನ್ನು ಹೊಂದುವ ಬಯಕೆಯನ್ನು ಹುಟ್ಟಿಸುವುದೇ ತಮ್ಮ ವೃತ್ತಿಯೆಂದು ಮುಚ್ಚುಮರೆಯಿಲ್ಲದೆ ಸಾರಿದ್ದರು. ಮರುವರ್ಷವೇ ವಿಕ್ಟರ್ ಲೆಬೋ ಎಂಬ ಮಾರಾಟತಜ್ಞರು, ಅನುಭೋಗವನ್ನೇ ಜೀವನಕ್ರಮವಾಗಿ ಮಾಡಿಕೊಳ್ಳದಿದ್ದರೆ ತಮ್ಮ ದೇಶದ ಅರ್ಥವ್ಯವಸ್ಥೆ ನಡೆಯದೆಂದು ಬರೆದರು. ಪ್ಯಾಕರ್ಡರ ಕೌಶಲವೆಲ್ಲ ಇಂತಹ ಮಾತುಗಳನ್ನು ಆಡಿದವರ ಬಾಯಿಂದಲೇ ಸಂಗ್ರಹಿಸಿ ಮುಂದಿಡುವುದರಲ್ಲಿದೆ. ಅವರು ಪತ್ರಿಕಾವೃತ್ತಿಯವರು, ದಾರ್ಶನಿಕರಲ್ಲ. ಉದಾಹರಣೆಯ ಮೇಲೆ ಉದಾಹರಣೆಯನ್ನು ಪೇರಿಸುತ್ತಾರೆ. ಕೆಲವೆಡೆ ಓದುಗನಿಗೆ ಅಂಗಡಿಬೀದಿಯಲ್ಲಿ ಬಹಳ ಹೊತ್ತು ನಿಂತ ಆಯಾಸವಾಗುತ್ತದೆ.

ಆದರೆ ಗ್ರಂಥದ ನಡುವೆ ಒಂದು ವಿಂಗಡಣೆಯಿದೆ. ಇಡೀ ಕೃತಿಯ ಬೆಲೆ ಅದರಲ್ಲಿಯೇ ಅಡಗಿದೆ. ವಸ್ತುವು ಮೂರು ಬಗೆಯಲ್ಲಿ ಹಳತಾಗುತ್ತದೆ ಎನ್ನುತ್ತಾರೆ ಪ್ಯಾಕರ್ಡರು. ಅದಕ್ಕಿಂತ ಮೇಲಾಗಿ ಅದೇ ಕೆಲಸವನ್ನು ಮಾಡುವ ಮತ್ತೊಂದು ವಸ್ತು ಬಂದರೆ, ಅದು ಕಾರ್ಯದಿಂದ ಹಳತಾಗುವುದು. ಹೆಚ್ಚು ಕಾಲ ಬಾಳದಂತೆ ಮಾಡಿದ್ದರಿಂದ ಕೆಟ್ಟುಹೋದರೆ, ಅದು ಗುಣದಿಂದ ಹಳತಾಗುವುದು. ವಸ್ತುವು ನೆಟ್ಟಗಿದ್ದೂ ಒಡೆಯನ ಮನಸ್ಸಿನಲ್ಲಿ ಸವೆದುಹೋದರೆ, ಅದು ಅಪೇಕ್ಷೆಯಿಂದ ಹಳತಾಗುವುದು. ಮೂರರಲ್ಲಿ ಮೊದಲನೆಯದನ್ನು ಪ್ಯಾಕರ್ಡರು ಸ್ವಾಗತಿಸುತ್ತಾರೆ. ಸೀಮೆಎಣ್ಣೆಯ ದೀಪಕ್ಕೆ ಬದಲಾಗಿ ವಿದ್ಯುದ್ದೀಪವು ಬಂದರೆ ಯಾರು ತಾನೆ ಬೇಡವೆಂದಾರು? ಅವರ ಖಂಡನೆಯೆಲ್ಲ ಉಳಿದೆರಡರ ಮೇಲೆಯೇ. ಈ ಮೂರನ್ನೂ ಇಂದಿನ ಸ್ಮಾರ್ಟ್‌ಫೋನಿಗೆ ಹಚ್ಚಿ ನೋಡಿದರೆ, ಅವರು ಬಿಗಿಯಾಗಿ ಕಾವಲಿಟ್ಟ ಬಾಗಿಲುಗಳಿಗಿಂತ ಅವರು ತೆರೆದೇ ಬಿಟ್ಟ ಬಾಗಿಲಿನಿಂದಲೇ ಕಳ್ಳನು ಹೆಚ್ಚಾಗಿ ಒಳಹೊಕ್ಕಿರುವುದು ಕಂಡುಬರುತ್ತದೆ.

ಅಪೇಕ್ಷೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಸ್ಟೀವ್ ಜಾಬ್ಸ್ ಅವರು ೨೦೦೭ರ ಜನವರಿಯಲ್ಲಿ ಮೊದಲ ಐಫೋನನ್ನು ಪ್ರದರ್ಶಿಸಿದಂದಿನಿಂದ, ವರ್ಷವರ್ಷವೂ ಹೊಸ ಮಾದರಿಯನ್ನು ವೇದಿಕೆಯ ಮೇಲೆ ಉತ್ಸವಮೂರ್ತಿಯಂತೆ ಹೊರಡಿಸುವುದು ವಾಡಿಕೆಯಾಗಿದೆ. ಜನರಲ್ ಮೋಟಾರ್ಸಿನವರ ಹಳೆಯ ವಿದ್ಯೆಯೇ ಇದು. ಪ್ಯಾಕರ್ಡರು ಇಂದು ಬದುಕಿದ್ದರೆ ಇದನ್ನು ಕಂಡು ಅಚ್ಚರಿಗೊಳ್ಳುತ್ತಿರಲಿಲ್ಲ. ಹಣವಿರುವ ಮನೆಯ ಹುಡುಗನೊಬ್ಬನು ನಾಲ್ಕನೆಯ ಕ್ಯಾಮೆರಾಕಣ್ಣಿಗಾಗಿ ಮೂರು ಕಣ್ಣಿನ ಫೋನನ್ನು ತೊರೆದರೆ, ಅಲ್ಲಿ ಉಪದೇಶಕ್ಕೆ ಅವಕಾಶವಿದೆ. ತಂದೆತಾಯಿಗಳೇ ಅದನ್ನು ಮಾಡಬಲ್ಲರು.

ಗುಣದ ವಿಷಯವು ಇದಕ್ಕಿಂತ ಜಟಿಲವಾದುದು. ಫೋನಿನ ಒಳಗೆ ಮೊದಲು ಮುಪ್ಪಡರುವ ಅಂಗವೆಂದರೆ ಬ್ಯಾಟರಿ. ಲಿಥಿಯಂ ಬ್ಯಾಟರಿಯು ತುಂಬಿ ಬರಿದಾಗುತ್ತ ನೂರಾರು ಸುತ್ತುಗಳನ್ನು ಮುಗಿಸಿದಂತೆ, ಅದರ ಧಾರಣಶಕ್ತಿಯು ಕುಗ್ಗುತ್ತ ಹೋಗುತ್ತದೆ. ಇದು ರಸಾಯನದ ಧರ್ಮ. ಯಾರ ಕುತಂತ್ರವೂ ಅಲ್ಲ. ಆದರೆ ಹಿಂದಿನ ಫೋನುಗಳಲ್ಲಿ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಹಳೆಯ ಬ್ಯಾಟರಿಯನ್ನು ತೆಗೆದು, ಹೊಸದನ್ನು ಇಡಬಹುದಾಗಿತ್ತು. ಐಫೋನು ಮೊದಲಿನಿಂದಲೂ ಮುಚ್ಚಿದ ಸಂಪುಟ. ಸ್ಯಾಮ್ಸಂಗ್ ಸಂಸ್ಥೆಯವರ ಗ್ಯಾಲಕ್ಸಿ ಸರಣಿಯಲ್ಲಿ ೨೦೧೪ರ ಎಸ್-೫ರವರೆಗೆ ಬ್ಯಾಟರಿಯನ್ನು ಕೈಯಿಂದಲೇ ಬದಲಿಸಬಹುದಾಗಿತ್ತು. ೨೦೧೫ರ ಎಸ್-೬ರಲ್ಲಿ ಅದನ್ನೂ ಅಂಟುಹಾಕಿ ಮುಚ್ಚಿದರು. ತೆಳುವಾಗಬೇಕು ಎಂಬಂತಹ ಕಾರಣಗಳನ್ನು ಕೊಟ್ಟರು. ಅವು ಸುಳ್ಳು ಕಾರಣಗಳಲ್ಲ. ಆದರೆ ಎರಡು ಮೂರು ವರ್ಷಗಳಲ್ಲಿ ಮುದಿಯಾಗುವ ಅಂಗವೊಂದನ್ನು, ಹತ್ತು ವರ್ಷ ಬಾಳಬಲ್ಲ ದೇಹದೊಳಗೆ ಹೂತಿಟ್ಟರೆ, ದೇಹದ ಆಯುಷ್ಯವು ಅಂಗದ ಆಯುಷ್ಯಕ್ಕೆ ಇಳಿಯುವುದು ಸಹಜ.

ಇಲ್ಲಿ ೨೦೧೭ರ ಘಟನೆಯೊಂದನ್ನು ವಿವರವಾಗಿ ನೋಡುವುದು ಯುಕ್ತ. ಆ ವರ್ಷದ ಆರಂಭದಲ್ಲಿ ಆಪಲ್ ಸಂಸ್ಥೆಯವರು ತಮ್ಮ ಐಫೋನುಗಳ ತಂತ್ರಾಂಶಕ್ಕೆ ಒಂದು ತಿದ್ದುಪಡಿಯನ್ನು ಕಳುಹಿಸಿದರು. ಬ್ಯಾಟರಿ ಸವೆದ ಹಳೆಯ ಫೋನುಗಳು ಅದರಿಂದ ನಿಧಾನಗೊಂಡವು. ಬಳಸುವವರಿಗೆ ಈ ಸಂಗತಿಯನ್ನು ತಿಳಿಸಿರಲಿಲ್ಲ. ಫೋನು ಮಂದವಾಯಿತು, ಮುದಿಯಾಯಿತು, ಹೊಸದನ್ನು ಕೊಳ್ಳಬೇಕು ಎಂದು ಅವರು ಭಾವಿಸಿದ್ದರೆ ಅದು ಅವರ ತಪ್ಪಲ್ಲ. ಡಿಸೆಂಬರಿನಲ್ಲಿ ಕೆಲವರು ವೇಗವನ್ನು ಅಳೆದು ಪ್ರಕಟಿಸಿದ ಮೇಲೆ ಸಂಸ್ಥೆಯು ಒಪ್ಪಿಕೊಂಡಿತು. ಸವೆದ ಬ್ಯಾಟರಿಯು ಹಠಾತ್ತಾಗಿ ಬೇಕಾಗುವ ವಿದ್ಯುತ್ತನ್ನು ಒದಗಿಸಲಾರದೆ ಫೋನು ತಟ್ಟನೆ ಆರಿಹೋಗುತ್ತದೆ, ಅದನ್ನು ತಪ್ಪಿಸಲೆಂದೇ ವೇಗವನ್ನು ತಗ್ಗಿಸಿದೆವು ಎಂಬುದು ಅವರ ಸಮಾಧಾನ. ತಾಂತ್ರಿಕವಾಗಿ ಇದು ಸರಿಯಾದ ಮಾತೇ. ಅನಂತರ ಅವರು ಕ್ಷಮೆ ಯಾಚಿಸಿ, ಬ್ಯಾಟರಿ ಬದಲಿಸುವ ಶುಲ್ಕವನ್ನು ಅಮೆರಿಕದಲ್ಲಿ ೭೯ ಡಾಲರುಗಳಿಂದ ೨೯ಕ್ಕೆ ಇಳಿಸಿದರು. ೨೦೨೦ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರಾಹಕ ರಕ್ಷಣಾ ಇಲಾಖೆಯು ಇದೇ ವಿಷಯದಲ್ಲಿ ೨.೫ ಕೋಟಿ ಯೂರೋಗಳ ದಂಡವನ್ನು ವಿಧಿಸಿತು. ದಂಡವು ಫೋನನ್ನು ನಿಧಾನಗೊಳಿಸಿದ್ದಕ್ಕಲ್ಲ, ಹೇಳದೆ ನಿಧಾನಗೊಳಿಸಿದ್ದಕ್ಕೆ.

ಈ ಕಥೆಯ ಕೊನೆಯ ಅಂಕವು ಎಲ್ಲಕ್ಕಿಂತ ಬೋಧಪ್ರದವಾದುದು. ೨೦೧೯ರ ಜನವರಿಯಲ್ಲಿ ಆಪಲ್ ಮುಖ್ಯಸ್ಥ ಟಿಮ್ ಕುಕ್ ಅವರು ಹೂಡಿಕೆದಾರರಿಗೆ ಒಂದು ಪತ್ರವನ್ನು ಬರೆದು, ವರಮಾನವು ನಿರೀಕ್ಷೆಗಿಂತ ಕಡಿಮೆಯಾಗಲಿದೆಯೆಂದು ತಿಳಿಸಿದರು. ಅದಕ್ಕೆ ಕೊಟ್ಟ ಹಲವು ಕಾರಣಗಳಲ್ಲಿ, ಅಗ್ಗದ ದರದಲ್ಲಿ ಬ್ಯಾಟರಿ ಬದಲಿಸಿಕೊಂಡ ಗ್ರಾಹಕರು ಹೊಸ ಫೋನನ್ನು ಕೊಳ್ಳಲಿಲ್ಲ ಎಂಬುದೂ ಒಂದು. ಅಂದರೆ, ಆ ಗ್ರಾಹಕರಿಗೆ ಬೇಕಾಗಿದ್ದುದು ಹೊಸ ಫೋನಲ್ಲ, ಹೊಸ ಬ್ಯಾಟರಿ. ಮನುಷ್ಯನ ಆಸೆಗೆ ಮಿತಿಯಿಲ್ಲವೆಂದು ನಾವು ಬೋಧಿಸುತ್ತೇವೆ. ಇಲ್ಲಿ ಅದಕ್ಕೆ ಸ್ಪಷ್ಟವಾದ ಮಿತಿಯಿತ್ತು. ಅಮೆರಿಕದಲ್ಲಿ ಅದರ ಬೆಲೆ ೨೯ ಡಾಲರು.

ಇನ್ನು ಕಾರ್ಯದಿಂದ ಹಳತಾಗುವ ಬಗೆ. ಪ್ಯಾಕರ್ಡರ ವಿವೇಚನೆಯು ಇಲ್ಲಿಯೇ ಸಾಲದೆ ಹೋಗುತ್ತದೆ. ಅವರ ಕಾಲದ ವಸ್ತುವು ತನ್ನಷ್ಟಕ್ಕೆ ತಾನಿರುವ ವಸ್ತು. ಮನೆಗೆ ಹೊಸ ಬಲ್ಬು ಬಂದ ಮಾತ್ರಕ್ಕೆ ಹಳೆಯ ಕಂದೀಲು ಉರಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಹೊಸದು ಉತ್ತಮವೆಂದು ಕಂಡರೆ ಜನ ಅದನ್ನು ಹಿಡಿಯುತ್ತಿದ್ದರು. ಇಲ್ಲವಾದರೆ ಹಳತೇ ನಡೆಯುತ್ತಿತ್ತು. ಆಯ್ಕೆಯು ಒಡೆಯನ ಕೈಯಲ್ಲಿತ್ತು. ಫೋನು ಹಾಗಲ್ಲ. ಅದು ಮೂರು ದಾರಗಳಿಂದ ಹೊರಜಗತ್ತಿಗೆ ಕಟ್ಟಿಕೊಂಡಿದೆ: ತಯಾರಕರು ಕಳುಹಿಸುವ ತಂತ್ರಾಂಶದ ತಿದ್ದುಪಡಿ, ಸೇವಾಸಂಸ್ಥೆಗಳ ಆ್ಯಪ್‌ಗಳು, ದೂರಸಂಪರ್ಕ ಜಾಲದ ತರಂಗಗಳು. ಈ ಮೂರರಲ್ಲಿ ಯಾವುದೊಂದನ್ನು ಅತ್ತಲಿಂದ ಕತ್ತರಿಸಿದರೂ, ಇತ್ತ ಕೈಯೊಳಗೆ ಮಿರುಗುತ್ತಿರುವ ಫೋನು ಕೆಲಸಕ್ಕೆ ಬಾರದ ಗಾಜಿನ ಹಲಗೆ. ಇದನ್ನು ‘ಕಾರ್ಯದಿಂದ ಹಳತಾಯಿತು’ ಎನ್ನುತ್ತಾರೆ. ಪ್ಯಾಕರ್ಡರ ಲೆಕ್ಕದಲ್ಲಿ ಇದು ನಿರ್ದೋಷವಾದ ಪ್ರಗತಿ!

ನಮ್ಮ ದೇಶದ ನಿದರ್ಶನವನ್ನೇ ತೆಗೆದುಕೊಳ್ಳೋಣ. ರಿಲಯನ್ಸ್ ಸಂಸ್ಥೆಯವರು ೨೦೧೬ರಲ್ಲಿ ಜಿಯೋ ಜಾಲವನ್ನು ಆರಂಭಿಸಿದಾಗ, ಅದು ಕೇವಲ ೪ಜಿ ಜಾಲವಾಗಿತ್ತು. ಹಳೆಯ ೨ಜಿ ಫೋನುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದುದರಿಂದ ೨೦೧೭ರಲ್ಲಿ ೧,೫೦೦ ರೂಪಾಯಿಗಳ ಮರಳಿಸಬಹುದಾದ ಠೇವಣಿಗೆ, ಗುಂಡಿಗಳಿರುವ ಜಿಯೋಫೋನ್ ಎಂಬ ಚಿಕ್ಕ ಫೋನನ್ನು ಘೋಷಿಸಿದರು. ೨೦೧೮ರ ಸೆಪ್ಟೆಂಬರಿನಲ್ಲಿ ಅದಕ್ಕೆ ವಾಟ್ಸಾಪ್ ಬಂದಿತು. ದುಡಿಯಲು ದೂರ ಹೋದ ಮಗನ ಧ್ವನಿ, ಮೊಮ್ಮಗುವಿನ ಚಿತ್ರ, ಊರಿನ ಸಂಘದ ಸೂಚನೆ, ಎಲ್ಲವೂ ಆ ಗುಂಡಿಫೋನಿನಲ್ಲಿಯೇ ಬರತೊಡಗಿದವು. ೨೦೨೪ರ ಜೂನ್ ತಿಂಗಳಿನಲ್ಲಿ ಆ ಬಗೆಯ ಫೋನುಗಳಿಗೆ ವಾಟ್ಸಾಪನ್ನು ಹೊಸದಾಗಿ ಪಡೆಯುವ ಅವಕಾಶವು ನಿಂತಿತು. ೨೦೨೫ರ ಆರಂಭದಲ್ಲಿ ಸೇವೆಯೂ ಮುಗಿಯಿತು. ಫೋನಿನ ಗುಂಡಿ ಸವೆದಿರಲಿಲ್ಲ, ಗಾಜು ಒಡೆದಿರಲಿಲ್ಲ, ಒಡತಿಗೆ ಹೊಸದರ ಹಂಬಲವೂ ಇರಲಿಲ್ಲ. ಪ್ಯಾಕರ್ಡರ ಮೂರು ಕೋಣೆಗಳಲ್ಲಿ ಯಾವುದರಲ್ಲಿ ಇದನ್ನು ಇಡಬೇಕು?

ಆಸ್ಟ್ರೇಲಿಯದಲ್ಲಿ ನಡೆದುದು ಇನ್ನೂ ವಿಚಿತ್ರ. ಅಲ್ಲಿಯ ಟೆಲ್‌ಸ್ಟ್ರಾ ಮತ್ತು ಆಪ್ಟಸ್ ಸಂಸ್ಥೆಗಳು ೨೦೨೪ರ ಅಕ್ಟೋಬರ್ ೨೮ರಿಂದ ೩ಜಿ ಜಾಲವನ್ನು ಮುಚ್ಚತೊಡಗಿದವು. ೩ಜಿ ಫೋನುಗಳು ನಿಂತುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಕೆಲವು ೪ಜಿ ಫೋನುಗಳು, ಸಾಮಾನ್ಯ ಕರೆಗಳನ್ನು ಹೊಸ ಜಾಲದಲ್ಲಿ ಮಾಡುತ್ತಿದ್ದರೂ, ತುರ್ತು ಸೇವೆಯ ಕರೆಗೆ ಮಾತ್ರ ೩ಜಿಯನ್ನೇ ಅವಲಂಬಿಸುವಂತೆ ರಚಿತವಾಗಿದ್ದವು. ಆಪತ್ತಿನಲ್ಲಿ ಕೈಕೊಡುವ ಫೋನು ಬಳಕೆಯಲ್ಲಿ ಇರಕೂಡದೆಂದು, ಅಂಥವುಗಳಿಗೆ ಸೇವೆಯನ್ನೇ ಕೊಡಬಾರದೆಂಬ ನಿಯಮವನ್ನು ಸರ್ಕಾರದ ನಿಯಂತ್ರಕರು ಮಾಡಿದರು. ನಿಯಮದ ಉದ್ದೇಶವು ಪ್ರಾಣರಕ್ಷಣೆ, ಅದನ್ನು ಆಕ್ಷೇಪಿಸಲಾಗದು. ಆದರೆ ಒಳಗಿನ ಈ ರಚನೆಯನ್ನು ಕೊಂಡವನು ತಿಳಿಯುವುದೆಂತು? ಪೆಟ್ಟಿಗೆಯ ಮೇಲೆ ೪ಜಿ ಎಂದು ಬರೆದಿತ್ತು, ಅವನು ನಂಬಿ ಹಣ ಕೊಟ್ಟಿದ್ದನು.

ಕನ್ನಡದ ವ್ಯಾಕರಣವನ್ನು ಸಾಂಪ್ರದಾಯಿಕವಾಗಿ ಓದಿದ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಿಗೆ ಪ್ರೇರಣಾರ್ಥಕ ಕ್ರಿಯಾಪದಗಳ ಪ್ರಕರಣವು ನೆನಪಿರಬೇಕು. ‘ಕಲಿ’ ಎಂಬುದು ‘ಕಲಿಸು’ ಆದಾಗ, ‘ಉಣ್ಣು’ ಎಂಬುದು ‘ಉಣಿಸು’ ಆದಾಗ, ವಾಕ್ಯದೊಳಗೆ ಮತ್ತೊಬ್ಬ ಕರ್ತೃವು ಪ್ರವೇಶಿಸುತ್ತಾನೆ. ‘ಫೋನು ಹಳತಾಯಿತು’ ಎಂಬ ವಾಕ್ಯದಲ್ಲಿ ಫೋನೇ ಕರ್ತೃ. ಕಾಲವು ಸರಿಯಿತು, ಅದು ಹಳತಾಯಿತು, ಯಾರನ್ನು ದೂರುವುದು? ‘ಫೋನನ್ನು ಹಳತಾಗಿಸಿದರು’ ಎಂದೊಡನೆ, ಯಾರು, ಎಂದು, ಏಕೆ ಎಂಬ ಪ್ರಶ್ನೆಗಳು ಏಳುತ್ತವೆ. ಅಂಗಡಿಯವರೂ ಸಂಸ್ಥೆಗಳವರೂ ಮೊದಲ ವಾಕ್ಯವನ್ನೇ ಬಳಸುತ್ತಾರೆ. ನಾವೂ ಅದನ್ನೇ ಕಲಿತುಬಿಟ್ಟಿದ್ದೇವೆ. ಪ್ಯಾಕರ್ಡರು ಗುಣ ಮತ್ತು ಅಪೇಕ್ಷೆಗಳ ವಿಷಯದಲ್ಲಿ ಎರಡನೆಯ ವಾಕ್ಯವನ್ನು ದಿಟ್ಟತನದಿಂದ ಆಡಿದರು. ಕಾರ್ಯದ ವಿಷಯದಲ್ಲಿ ಅವರೂ ಮೊದಲನೆಯದಕ್ಕೇ ತೃಪ್ತರಾದರು.

ಅವರಿಗಿಂತ ಮೊದಲೇ ಈ ಮರ್ಮವನ್ನು, ತಿಳಿದೋ ತಿಳಿಯದೆಯೋ, ಮುಟ್ಟಿದವರೊಬ್ಬರಿದ್ದರು. ಬರ್ನಾರ್ಡ್ ಲಂಡನ್ ಎಂಬ ನ್ಯೂಯಾರ್ಕಿನ ಸ್ಥಿರಾಸ್ತಿ ವ್ಯಾಪಾರಿ ೧೯೩೨ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಟ್ಟನಡುವೆ, ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಪ್ರತಿಯೊಂದು ವಸ್ತುವಿಗೂ ತಯಾರಿಕೆಯ ಸಮಯದಲ್ಲಿಯೇ ಸರ್ಕಾರವು ಆಯುಷ್ಯವನ್ನು ಗೊತ್ತುಪಡಿಸಬೇಕು. ಅವಧಿ ಮುಗಿದೊಡನೆ ಅದು ಕಾನೂನಿನ ದೃಷ್ಟಿಯಲ್ಲಿ ಸತ್ತಂತೆ. ಅದನ್ನು ಹಿಂಪಡೆದು ನಾಶಮಾಡಬೇಕು, ಆಮೇಲೂ ಇಟ್ಟುಕೊಂಡವನು ತೆರಿಗೆ ಕೊಡಬೇಕು. ಹೀಗಾದರೆ ಕಾರ್ಖಾನೆಗಳು ಓಡುತ್ತವೆ, ನಿರುದ್ಯೋಗ ನೀಗುತ್ತದೆ ಎಂಬುದು ಅವರ ಸಲಹೆ. ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ. ಹುಚ್ಚು ಸಲಹೆಯೆಂದು ನಗಬಹುದು. ಆದರೆ ಇಂದು ಫೋನಿನ ತಯಾರಕರು ‘ಈ ಮಾದರಿಗೆ ಇಂಥ ದಿನಾಂಕದ ಬಳಿಕ ರಕ್ಷಣಾ ತಿದ್ದುಪಡಿಗಳಿಲ್ಲ’ ಎಂದು ಪ್ರಕಟಿಸಿದಾಗ ನಡೆಯುವುದು ಇದೇ ಅಲ್ಲವೆ? ತಿದ್ದುಪಡಿ ನಿಂತ ಫೋನನ್ನು ಕೆಲಕಾಲದ ಬಳಿಕ ಬ್ಯಾಂಕಿನ ಆ್ಯಪ್ ನಂಬುವುದಿಲ್ಲ. ಮತ್ತೆ ಕೆಲಕಾಲಕ್ಕೆ ವಾಟ್ಸಾಪ್ ಒಲ್ಲೆನೆನ್ನುತ್ತದೆ. ೨೦೨೩ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ೫ಕ್ಕಿಂತ ಹಿಂದಿನ ಫೋನುಗಳನ್ನು ಅದು ಹೀಗೆಯೇ ಕೈಬಿಟ್ಟಿತು. ಲಂಡನ್ ಅವರು ಶಾಸನಸಭೆಯಿಂದ ಬೇಡಿದ ಅಧಿಕಾರವು ಶಾಸನವಿಲ್ಲದೆಯೇ ತಯಾರಕರಿಗೆ ದೊರೆತಿದೆ.

ವಾಚಕರಲ್ಲಿ ಹಿರಿಯರಾದವರಿಗೆ ಅಂಚೆ ಮತ್ತು ತಂತಿ ಇಲಾಖೆಯ ಕಾಲದ ಕಪ್ಪು ದೂರವಾಣಿಯು ನೆನಪಿರುತ್ತದೆ. ಬೆಂಗಳೂರಿನ ದೂರವಾಣಿನಗರದಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಐಟಿಐ ಕಾರ್ಖಾನೆಯು ದೇಶದ ಮನೆಗಳಿಗೂ ಕಚೇರಿಗಳಿಗೂ ಆ ಉಪಕರಣಗಳನ್ನು ಮಾಡಿ ಕಳುಹಿಸಿತು. ಎತ್ತಿದರೆ ಕೈ ನೋಯುವಷ್ಟು ಭಾರ. ಕೆಳಗೆ ಬಿದ್ದರೆ ನೆಲದ ಚಪ್ಪಡಿಗೇ ಪೆಟ್ಟು. ಅದು ನಮ್ಮ ಸ್ವತ್ತಾಗಿರಲಿಲ್ಲ, ಇಲಾಖೆಯದು. ನಾವು ಬಾಡಿಗೆ ತೆರುತ್ತಿದ್ದೆವು. ಕೆಟ್ಟರೆ ಇಲಾಖೆಯವರೇ ಬಂದು ದುರಸ್ತಿ ಮಾಡಬೇಕಾಗಿತ್ತು. ಕೆಟ್ಟಷ್ಟೂ ನಷ್ಟ ಅವರದೇ ಆದುದರಿಂದ, ಕೆಡದಂತಹ ಉಪಕರಣವನ್ನು ಮಾಡಿಸುವುದು ಅವರಿಗೇ ಲಾಭವಾಗಿತ್ತು. (ದೂರವಾಣಿ ಸಿಗಲು ವರ್ಷಗಟ್ಟಲೆ ಕಾಯಬೇಕಾಗಿತ್ತೆಂಬ ಮಾತು ಬೇರೆ, ಆ ವ್ಯವಸ್ಥೆಯನ್ನು ಹೊಗಳುವುದು ಇಲ್ಲಿಯ ಉದ್ದೇಶವಲ್ಲ.) ಇಂದು ಫೋನು ನಮ್ಮ ಸ್ವತ್ತು, ರಸೀದಿಯು ನಮ್ಮ ಹೆಸರಿನಲ್ಲಿದೆ. ಆದರೆ ಅದು ಎಷ್ಟು ಕಾಲ ಫೋನಾಗಿ ಉಳಿಯಬೇಕೆಂಬ ತೀರ್ಮಾನವು ನಮ್ಮದಲ್ಲ. ಬಾಡಿಗೆಯ ವಸ್ತು ದೀರ್ಘಾಯುವಾಗಿತ್ತು, ಒಡೆತನದ ವಸ್ತು ಅಲ್ಪಾಯುವಾಗಿದೆ. ಸ್ವತ್ತು ಎಂಬ ಮಾತಿನ ಅರ್ಥವೇ ಇಲ್ಲಿ ಬದಲಾಗಿರುವುದನ್ನು ಕಾನೂನು ಬಲ್ಲ ನಮ್ಮ ಹಳೆಯ ವಿದ್ಯಾರ್ಥಿಗಳು ವಿಚಾರ ಮಾಡಬೇಕು.

ತಯಾರಕರ ಪಕ್ಷವನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಹಳೆಯ ತಂತ್ರಾಂಶದಲ್ಲಿ ಬಿರುಕುಗಳಿರುತ್ತವೆ. ಹಣ ಕದಿಯುವವರು ಅವುಗಳ ಮೂಲಕವೇ ನುಸುಳುತ್ತಾರೆ. ಹಳೆಯ ಫೋನನ್ನು ಬ್ಯಾಂಕು ನಿರಾಕರಿಸಿದರೆ ಅದು ಖಾತೆದಾರನ ಹಿತಕ್ಕೂ ಹೌದು. ತರಂಗಗಳ ಹರವು ಮಿತವಾದುದು. ಕೆಲವೇ ಜನ ಬಳಸುವ ಹಳೆಯ ಜಾಲಕ್ಕೆ ಅದನ್ನು ಕಟ್ಟಿಹಾಕಿದರೆ, ಬಹುಜನರ ಹೊಸ ಜಾಲಕ್ಕೆ ಕೊರತೆಯಾಗುತ್ತದೆ. ಇವೆಲ್ಲ ತಳ್ಳಿಹಾಕುವ ಮಾತುಗಳಲ್ಲ. ಎಲ್ಲವನ್ನೂ ಪಿತೂರಿಯೆಂದು ಕಾಣುವುದು ಆಲಸ್ಯದ ವಿಮರ್ಶೆ. ಪ್ಯಾಕರ್ಡರೂ ಕೆಲವೆಡೆ ಆ ಕಡೆಗೆ ಜಾರುತ್ತಾರೆ. ಆದರೆ ಎರಡು ಮೂರು ವರ್ಷಗಳಿಗಿಂತ ಹೆಚ್ಚು ಕಾಲ ತಿದ್ದುಪಡಿಗಳನ್ನು ಕೊಡುವುದು ಕಷ್ಟವೆಂದು ಆಂಡ್ರಾಯ್ಡ್ ಲೋಕದಲ್ಲಿ ಬಹುಕಾಲ ಹೇಳುತ್ತ ಬಂದರಷ್ಟೆ? ಫೇರ್‌ಫೋನ್ ಎಂಬ ಡಚ್ಚರ ಸಣ್ಣ ಸಂಸ್ಥೆಯು ೨೦೧೫ರ ತನ್ನ ಎರಡನೆಯ ಮಾದರಿಯನ್ನು ೨೦೨೩ರವರೆಗೆ ಸಾಕಿತು. ಅದರ ಭಾಗಗಳನ್ನು ಕೊಂಡವರೇ ಬಿಚ್ಚಿ ಬದಲಿಸಬಹುದಾಗಿತ್ತು. ೨೦೨೩ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ೮ಕ್ಕೂ, ೨೦೨೪ರ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನ ಎಸ್-೨೪ಕ್ಕೂ ಏಳು ವರ್ಷಗಳ ತಿದ್ದುಪಡಿಯ ಭರವಸೆ ಕೊಟ್ಟವು. ಎರಡು ಮೂರು ವರ್ಷವೆಂಬುದು ನಿಸರ್ಗದ ನಿಯಮವಾಗಿರಲಿಲ್ಲವೆಂದು ಇದರಿಂದ ಸಿದ್ಧವಾಯಿತು. ಈ ಭರವಸೆಗಳು ಮಾತ್ರ ದುಬಾರಿ ಮಾದರಿಗಳಿಗೆ ದೊರೆತವು. ಹೆಚ್ಚು ಹಣ ಕೊಟ್ಟವನಿಗೆ ದೀರ್ಘಾಯುಷ್ಯ, ಎಂಟು ಸಾವಿರ ರೂಪಾಯಿಗಳನ್ನು ಕಷ್ಟಪಟ್ಟು ಕೂಡಿಸಿದವನಿಗೆ ಅಲ್ಪಾಯುಷ್ಯ. ಮೇಲಿಂದ ಮೇಲೆ ಕೊಳ್ಳಬೇಕಾದವನು ಬಡವನೇ.

ಇಷ್ಟನ್ನು ನೋಡಿದ ಮೇಲೆ, ಗ್ರಂಥದ ಕೊನೆಯ ಭಾಗದಲ್ಲಿ ಪ್ಯಾಕರ್ಡರು ಸೂಚಿಸುವ ಪರಿಹಾರಗಳು ನಮಗೆ ಸಪ್ಪೆಯಾಗಿ ತೋರುವುದರಲ್ಲಿ ಸೋಜಿಗವಿಲ್ಲ. ವಿವೇಕದಲ್ಲಿ ಅಭಿಮಾನವನ್ನು ಮತ್ತೆ ತಂದುಕೊಳ್ಳಬೇಕು, ಗುಣಮಟ್ಟವನ್ನು ಗೌರವಿಸಬೇಕು, ಬಾಳಿಕೆಯುಳ್ಳ ಜೀವನಶೈಲಿಯನ್ನು ರೂಢಿಸಬೇಕು ಎನ್ನುತ್ತಾರೆ. ಎಲ್ಲವೂ ಸದುಕ್ತಿಗಳೇ. ಎಲ್ಲದರ ಭಾರವೂ ಹೆಚ್ಚಾಗಿ ಕೊಳ್ಳುವವನ ಶೀಲದ ಮೇಲೆಯೇ ಬೀಳುತ್ತದೆ. ವೇದಿಕೆಗಳ ಮೇಲಿನಿಂದ ಕೇಳಿಬರುವ ಮೊಬೈಲ್ ಖಂಡನೆಯದೂ ಇದೇ ಜಾಡು. ಪಿಂಚಣಿಯ ಸಂದೇಶ, ವಿದ್ಯಾರ್ಥಿವೇತನದ ಅರ್ಜಿಗೆ ಬರುವ ಗುಪ್ತಸಂಖ್ಯೆ, ಮಾರುಕಟ್ಟೆಯ ಧಾರಣೆ, ಇವೆಲ್ಲ ಫೋನಿನ ಮೂಲಕವೇ ಬರುವಂತೆ ಸಮಾಜವೇ ಏರ್ಪಾಡು ಮಾಡಿದ ಮೇಲೆ, ಫೋನು ಬದಲಿಸುವುದನ್ನು ವೈಯಕ್ತಿಕ ದೌರ್ಬಲ್ಯವೆಂದು ಎಣಿಸುವುದು ಸರಿಯಾಗದು. ಸಂಯಮಿಯಾದವನೂ ಅದೇ ದಿನಾಂಕಕ್ಕೆ ಅಂಗಡಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಒಂದು ವಿಷಯದಲ್ಲಿ ಪ್ಯಾಕರ್ಡರ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಭೂಗರ್ಭದ ಲೋಹಗಳು ಅಕ್ಷಯವಲ್ಲವೆಂದು, ಪರಿಸರದ ಮಾತು ಇನ್ನೂ ಜನರ ಬಾಯಿಗೆ ಬಾರದಿದ್ದ ಕಾಲದಲ್ಲಿ, ಅವರು ಎಚ್ಚರಿಸಿದ್ದರು. ಫೋನೊಂದು ತನ್ನ ಜೀವಿತದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು, ಅದು ಕೊಳ್ಳುವವನ ಕೈಸೇರುವ ಮೊದಲೇ, ತಯಾರಿಕೆಯಲ್ಲಿಯೇ ಆಗಿಹೋಗುತ್ತದೆಂದು ಆಪಲ್ ಸಂಸ್ಥೆಯ ವರದಿಗಳೇ ತೋರಿಸುತ್ತವೆ. ಆದುದರಿಂದ ಇದ್ದ ಫೋನನ್ನು ಇನ್ನೆರಡು ವರ್ಷ ನಡೆಸುವುದಕ್ಕೆ ಸಮನಾದ ಉಳಿತಾಯವು ಬೇರೊಂದಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಲೆಕ್ಕದಂತೆ ೨೦೨೨ನೆಯ ವರ್ಷದಲ್ಲಿ ಜಗತ್ತಿನಲ್ಲಿ ೬.೨ ಕೋಟಿ ಟನ್ ವಿದ್ಯುನ್ಮಾನ ಕಸವು ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಸ್ಕರಣೆಗೊಂಡುದು ಶೇಕಡಾ ೨೨.೩ ಮಾತ್ರ. ನಮ್ಮ ಕೋಲಾರ ಜಿಲ್ಲೆಯನ್ನು ನೋಡಿ: ಅಲ್ಲಿಯ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದವು, ೨೦೨೦ರಲ್ಲಿ
ಅದೇ ಜಿಲ್ಲೆಯ ನರಸಾಪುರದಲ್ಲಿ ಐಫೋನಿನ ಕಾರ್ಖಾನೆಯು ತೆರೆಯಿತು. ಫೋನಿನ ಒಳಹಲಗೆಗಳಲ್ಲಿ ತೂಕಕ್ಕೆ ತೂಕ ನೋಡಿದರೆ, ಅದಿರಿಗಿಂತ ಎಷ್ಟೋ ಪಾಲು ಹೆಚ್ಚು ಚಿನ್ನವಿರುತ್ತದೆ. ನೆಲದಾಳದಿಂದ ಅಷ್ಟು ಕಷ್ಟದಿಂದ ಮೇಲೆ ತಂದುದನ್ನು, ಬ್ಯಾಟರಿ ಅಂಟಿಕೊಂಡಿದೆಯೆಂಬ ಕಾರಣಕ್ಕೆ ನಾವು ಮೇಜಿನ ಖಾನೆಯೊಳಗೆ ಮತ್ತೆ ಹೂಳುತ್ತಿದ್ದೇವೆ.

ಈ ದುಃಸ್ಥಿತಿಗೆ ಎದುರಾಗಿ ನಿಂತಿರುವವರೆಂದರೆ ದುರಸ್ತಿಗಾರರು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಾಗಲಿ, ಕಣ್ಣಿಗೆ ಭೂತಗಾಜನ್ನು ಏರಿಸಿಕೊಂಡು ಅಂಟನ್ನು ಬಿಸಿಮಾಡಿ ಬಿಡಿಸುತ್ತ ಕುಳಿತ ಹುಡುಗರನ್ನು ಎಲ್ಲರೂ ಕಂಡಿದ್ದಾರೆ. ಇವರಲ್ಲಿ ಬಹುಮಂದಿ ಯಾವ ಪಾಲಿಟೆಕ್ನಿಕ್ಕಿನ ಮೆಟ್ಟಿಲನ್ನೂ ಹತ್ತಿದವರಲ್ಲ. ತಯಾರಕರು ಮುಚ್ಚಿದುದನ್ನು ಇವರು ತೆರೆಯುತ್ತಾರೆ. ಪ್ಯಾಕರ್ಡರ ಗ್ರಂಥವು ಕೊಳ್ಳುವವರಿಂದಲೂ ಮಾರುವವರಿಂದಲೂ ತುಂಬಿದೆ. ದುರಸ್ತಿ ಮಾಡುವವನಿಗೆ ಅಲ್ಲಿ ದೊರೆಯಬೇಕಾದ ಸ್ಥಾನವು ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ. ವಸ್ತುವನ್ನು ಹಳತಾಗಿಸುವವನೊಬ್ಬನಿದ್ದರೆ, ಅದನ್ನು ಮತ್ತೆ ಬಾಳಿಸುವವನೂ ಒಬ್ಬನಿರುತ್ತಾನೆ. ಅವನಿಗೆ ಬಿಡಿಭಾಗ ಮತ್ತು ಕೈಪಿಡಿಗಳು ಸಿಗುವಂತೆ ಮಾಡುವುದು ಉಪದೇಶದ ಕೆಲಸವಲ್ಲ, ಶಾಸನದ ಕೆಲಸ.

ಶಾಸನಗಳು ಬರತೊಡಗಿವೆ. ಉದ್ದೇಶಪೂರ್ವಕವಾಗಿ ವಸ್ತುವಿನ ಆಯುಷ್ಯವನ್ನು ಮೊಟಕುಗೊಳಿಸುವುದನ್ನು ಫ್ರಾನ್ಸ್ ದೇಶವು ೨೦೧೫ರ ಕಾಯಿದೆಯಿಂದ ಅಪರಾಧವೆಂದು ಸಾರಿತು. ಯೂರೋಪಿಯನ್ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟವು ನಿಂತ ಮೇಲೆ ಏಳು ವರ್ಷ ಬಿಡಿಭಾಗಗಳು ದೊರೆಯಬೇಕು, ಕನಿಷ್ಠ ಐದು ವರ್ಷ ತಂತ್ರಾಂಶದ ತಿದ್ದುಪಡಿಗಳು ದೊರೆಯಬೇಕು, ೮೦೦ ಸುತ್ತುಗಳ ಬಳಿಕವೂ ಬ್ಯಾಟರಿಯಲ್ಲಿ ಶೇಕಡಾ ೮೦ರಷ್ಟು ಶಕ್ತಿಯು ಉಳಿದಿರಬೇಕು. ಅವಧಿಯನ್ನು ಕೊಂಡ ದಿನದಿಂದಲ್ಲದೆ ಮಾರಾಟ ನಿಂತ ದಿನದಿಂದ ಎಣಿಸಿರುವುದು ಗಮನಾರ್ಹ. ಹಳೆಯ ಮಾದರಿಯನ್ನು ಅಗ್ಗಕ್ಕೆ ಕೊಳ್ಳುವವನಿಗೂ ಇದರಿಂದ ರಕ್ಷಣೆಯಿದೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಜುಲೈನಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ರಚಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ತೆರೆಯಿತು. ತಯಾರಕರು ತಮ್ಮ ದುರಸ್ತಿಯ ಮಾಹಿತಿಯನ್ನು ಅಲ್ಲಿ ಒದಗಿಸಬೇಕೆಂಬುದು ಆಶಯ. ಆಶಯಕ್ಕೂ ಕಟ್ಟಳೆಗೂ ಅಂತರವುಂಟು. ಯೂರೋಪಿನಲ್ಲಿ ಅದೇ ಜೂನ್ ೨೦ರಿಂದ ಫೋನಿನ ಜೊತೆಗೆ ಒಂದು ಚೀಟಿಯನ್ನೂ ಕೊಡಬೇಕಾಯಿತು. ಬ್ಯಾಟರಿಯು ಎಷ್ಟು ಸುತ್ತು ಬಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ದುರಸ್ತಿಗೆ ಎಷ್ಟು ಒಗ್ಗುತ್ತದೆ ಎಂಬುದನ್ನೆಲ್ಲ ಆ ಚೀಟಿಯಲ್ಲಿ ಅಚ್ಚುಹಾಕಿರುತ್ತಾರೆ. ಕೊಳ್ಳುವವನು ಹಣವನ್ನು ಎಣಿಸುವ ಮೊದಲೇ ಅದನ್ನು ಓದಿಕೊಳ್ಳಬಹುದು.